ನಡುಮನೆಯ ಒದ್ದೆ ನೆಲ

ಶ್ರಾವಣ ದ್ವಾದಶಿಯ ಬೆಳಿಗ್ಗೆ, ಖಾಸಬಾಗದ ತನ್ನ ಮನೆಯ ಹಿತ್ತಲಲ್ಲಿ, ಒಂದು ಕೈಯಲ್ಲಿ ಛತ್ರಿ, ಇನ್ನೊಂದು ಕೈಯಲ್ಲಿ ಹಗ್ಗ ಹಿಡಿದು ದಿಗಂಬರ ಹುಣಸೆಮರದ ಕೆಳಗೆ ನಿಂತಿದ್ದ. ಹಗ್ಗದ ಇನ್ನೊಂದು ತುದಿಗೆ ಉಂಡ್ಯಾ ಎಂಬ ನಾಯಿಮರಿ ಇತ್ತು. ಬೆಳಗಾವಿಯ ಮಳೆ ಹಿಡಿದು ಅವತ್ತಿಗೆ ಇಪ್ಪತ್ತು ದಿನ. ಛತ್ರಿ ಮರಿಯ ಮೇಲಿತ್ತು, ಮಳೆ ದಿಗಂಬರನ ಮೇಲಿತ್ತು.

"ಮಾಡಪ್ಪಾ," ಎಂದು ಅವನು ಗೋಗರೆದ. "ಉಂಡ್ಯಾ, ನನ್ನ ದೇವರ, ಒಂದ ಸರ್ತಿ ಇಲ್ಲೆ ಮಾಡು. ಒಳಗ ಅವ್ವ ಪಾರಣಿಗೆ ಕೂಡ್ಲಿಕ್ಕತ್ತಾಳ."

ಉಂಡ್ಯಾ ಒದ್ದೆ ಹುಲ್ಲಿನ ಮೇಲೆ ಅಂಡೂರಿ ಕುಳಿತು, ಚಪ್ಪಟೆ ಮೋರೆಯನ್ನು ಮೇಲೆತ್ತಿ, ಕಚೇರಿಯ ದೊಡ್ಡ ಸಾಹೇಬ ತಪ್ಪು ಅರ್ಜಿಯನ್ನು ನೋಡುವ ಹಾಗೆ ಅವನನ್ನು ನೋಡಿತು. ಅರ್ಧ ತಾಸಿನಿಂದ ಇದೇ ನಡೆದಿತ್ತು. ಹದಿನೆಂಟು ದಿನಗಳಿಂದಲೂ ಇದೇ ನಡೆದಿತ್ತು ಎಂದರೂ ಸುಳ್ಳಲ್ಲ.

ಈ ಪ್ರಾಣಿ ಮನೆಗೆ ಬಂದದ್ದು ದಿಗಂಬರನ ಬಾಯಿಯ ತಪ್ಪಿನಿಂದ. ಅವನು ಕ್ಯಾಂಪಿನ ಒಂದು ದಫ್ತರದಲ್ಲಿ ಕಾರಕೂನ. ಅಲ್ಲಿಯ ಸಾಹೇಬನಿಗೆ ವರ್ಗವಾಗಿ, ಅವನ ಮೇಡಂ ಗಂಟು ಕಟ್ಟುವ ಗಡಿಬಿಡಿಯಲ್ಲಿ ಈ ಮರಿಯನ್ನು ತಂದು ಇವನ ಕೈಗಿಟ್ಟು ಏನೇನೋ ಹೇಳಿದಳು. ಚೀನಾದ ಅರಮನೆಯ ತಳಿ ಎಂಬುದಷ್ಟು ಇವನಿಗೆ ತಿಳಿಯಿತು. ಉಳಿದದ್ದು ತಿಳಿಯಲಿಲ್ಲ. ತಿಳಿಯದ ಮಾತಿಗೆಲ್ಲ "ಯಸ್ ಮೇಡಂ" ಎನ್ನುವುದು ಅವನ ಹನ್ನೊಂದು ವರ್ಷದ ನೌಕರಿಯ ರೂಢಿ. ಹಾಗೆಂದು ಮುಗಿಸುವಷ್ಟರಲ್ಲಿ ಮೇಡಂ ಟಾಂಗಾ ಹತ್ತಿ ಹೋಗಿದ್ದಳು, ಮರಿ ಇವನ ಕೋಟಿನ ಗುಂಡಿ ಕಚ್ಚುತ್ತಿತ್ತು.

ಮರುದಿನವೇ ಯಾರಿಗಾದರೂ ಕೊಟ್ಟುಬಿಡುವುದು ಎಂದುಕೊಂಡೇ ಅವನು ಅದನ್ನು ಮನೆಗೆ ತಂದದ್ದು. ಪಡಸಾಲೆಯಲ್ಲಿ ಹೆಂಡತಿ ಶುಭದಾ ಕುಳಿತಿದ್ದಳು. ಫಾಲ್ಗುಣದಲ್ಲಿ ಅವಳ ಐದು ತಿಂಗಳ ಕೂಸು ಜ್ವರ ಬಂದು ತೀರಿಹೋಗಿತ್ತು. ಅಂದಿನಿಂದ ಅವಳು ಕೆಲಸವನ್ನೆಲ್ಲ ಮಾಡುತ್ತಿದ್ದಳು, ಕೇಳಿದ್ದಕ್ಕೆ ಹೂಂ ಎನ್ನುತ್ತಿದ್ದಳು, ಇಲ್ಲವೆನ್ನುತ್ತಿದ್ದಳು, ಅಷ್ಟೇ. ನಡುಮನೆಯ ತೊಲೆಗೆ ಕಟ್ಟಿದ ತೊಟ್ಟಿಲನ್ನು ಬಿಚ್ಚುವ ಧೈರ್ಯ ಯಾರಿಗೂ ಆಗಿರಲಿಲ್ಲ. ಮರಿ ನೆಟ್ಟಗೆ ಹೋಗಿ ಅವಳ ಮಡಿಲು ಹತ್ತಿ, ಮೋರೆಗೆ ಮೋರೆ ತಂದು, ಫಸಕ್ಕನೆ ಸೀನಿತು. ಶುಭದಾ ನಕ್ಕುಬಿಟ್ಟಳು. ಆ ನಗೆ ಕೇಳಿ ದಿಗಂಬರನ ತಾಯಿ ಒಲೆಯ ಮುಂದಿನಿಂದ ಎದ್ದು ಬಂದಳು. ಕೆಂಪು ಸೀರೆಯ, ತಲೆ ಬೋಳಿಸಿದ, ನಾಯಿಯ ನೆರಳು ಸೋಕಿದರೂ ಮತ್ತೆ ಬಾವಿಗೆ ಹೋಗಿ ಮೈಮೇಲೆ ನೀರು ಸುರಿದುಕೊಳ್ಳುವ ಮುದುಕಿ ಬಾಗಿಲಲ್ಲೇ ನಿಂತು ಸೊಸೆಯನ್ನು ನೋಡಿದಳು, ಮರಿಯನ್ನು ನೋಡಿದಳು.

"ಇರ್ಲಿ ಬಿಡು," ಎಂದಳು. "ಮಳ್ಯಾಗ ಎಲ್ಲೆ ಬಿಡ್ತೀ. ಆದ್ರ ಒಳಗ ಹೊಲಸ ಮಾಡಬಾರ್ದು. ಅದೊಂದ ನೋಡ್ಕೋ."

ಅದೊಂದೇ ಆಗಲಿಲ್ಲ.

ತಾಯಿಗೆ ದಿನಕ್ಕೆ ಒಂದೇ ಊಟ. ತಾನೇ ಮಡಿಯಲ್ಲಿ ಬೇಯಿಸಿಕೊಂಡು, ದೇವರಿಗೆ ತೋರಿಸಿ, ಮಧ್ಯಾಹ್ನ ಎಲೆಯ ಮುಂದೆ ಕೂಡುವುದು. ಅಷ್ಟರೊಳಗೆ ಮನೆಯಲ್ಲಿ ಹೊಲಸು ಬಿತ್ತೋ, ಆ ಅನ್ನ ಅವಳಿಗಲ್ಲ. ಮತ್ತೆ ಬೇಯಿಸಲು ಹೊತ್ತು ಮೀರಿರುತ್ತಿತ್ತು. ಉಂಡ್ಯಾನಿಗೆ ಈ ಪಂಚಾಂಗವನ್ನು ಯಾರು ಕಲಿಸಿದ್ದರೋ! ದಿನ ಬಿಟ್ಟು ದಿನ, ಸರಿಯಾಗಿ ಅನ್ನ ಇಳಿಸುವ ಹೊತ್ತಿಗೆ, ಅದು ಎಲ್ಲಿದ್ದರೂ ಓಡಿ ಬಂದು, ನಡುಮನೆಯಲ್ಲಿ, ದೇವರಮನೆಯ ಹೊಸ್ತಿಲಿಗೆ ಒಂದು ಮೊಳ ಈಚೆಗೆ, ಅದೇ ಜಾಗದಲ್ಲಿ ಕಾಲು ಅಗಲಿಸುತ್ತಿತ್ತು. ಹದಿನೆಂಟು ದಿನಗಳಲ್ಲಿ ಮುದುಕಿ ಒಂಬತ್ತು ದಿನ ಬರಿ ನೀರು ಕುಡಿದು ಮಲಗಿದ್ದಳು. ಬೈಯಲಿಲ್ಲ. ಬೈದಿದ್ದರೆ ದಿಗಂಬರನಿಗೆ ಎಷ್ಟೋ ಹಗುರವಾಗುತ್ತಿತ್ತು.

ಅದು ಹೊಲಸು ಮಾಡಿದಾಗಲೆಲ್ಲ ಮನೆಯಲ್ಲಿ ಒಂದು ಸಂಭ್ರಮವೇ ನಡೆಯುತ್ತಿತ್ತು. ಶುಭದಾ ಅರಿವೆಯಿಂದ ಒರೆಸಬೇಕು, ದಿಗಂಬರ ನೀರು ಹಾಕಬೇಕು, ಸೆಗಣಿಯಿಂದ ಸಾರಿಸಬೇಕು. ಕೊನೆಗೆ ತಾಯಿ ಗೋಮೂತ್ರದ ತಂಬಿಗೆ ಹಿಡಿದು ಬಂದು ಆ ಜಾಗಕ್ಕೂ ಸುತ್ತಲಿನ ನೆಲಕ್ಕೂ ಕೈ ತುಂಬ ತುಂಬ ಚಿಮುಕಿಸಬೇಕು. ಬಾಜು ಮನೆಯ ಕಾಶವ್ವ ದಿನಾ ಬೆಳಿಗ್ಗೆ ತನ್ನ ಆಕಳಿನದನ್ನು ಹಿಡಿದಿಟ್ಟು ತಂದುಕೊಡುತ್ತಿದ್ದಳು. "ಮೊದಲ ಒಂದ ತಂಬಗಿ ವಾರಾ ಬರ್ತಿತ್ರಿ ಅಮ್ಮಾರ, ಈಗ ದಿನಾ ಸಾಲವಲ್ದು. ಆಕಳಾರ ಎಷ್ಟಂತ ಕೊಡತೈತ್ರಿ?" ಎಂದು ನಗುತ್ತಿದ್ದಳು.

ಮನೆಯಲ್ಲಿ ಅದಕ್ಕಿಂತ ಪವಿತ್ರವಾದದ್ದು ಇನ್ನೊಂದಿತ್ತು, ಆದರೆ ಅದನ್ನು ಮುಟ್ಟುವ ಮಾತಿರಲಿಲ್ಲ. ದೇವರಮನೆಯ ಗೋಡೆಗೂಡಿನಲ್ಲಿ ಬಾಯಿಗೆ ಬೆಸುಗೆ ಹಾಕಿದ ಒಂದು ತಾಮ್ರದ ಗಿಂಡಿ. ದಿಗಂಬರನ ತಂದೆ ಸಾಯುವ ಹಿಂದಿನ ವರ್ಷ ಕಾಶಿಗೆ ಹೋಗಿ, ಹೆಂಡತಿಯ ಕೊನೆಗಾಲಕ್ಕೆಂದು ತಂದಿಟ್ಟ ಗಂಗೆ ಅದು. ತಾಯಿ ದಿನಾ ಅದಕ್ಕೆ ಕೈಮುಗಿದು, "ಶುಭದಾ, ಬಾಯಿ ಬಿಡೂ ಹೊತ್ತಿಗೆ ಹಾಕೂದು ಮರೀಬ್ಯಾಡವ್ವಾ," ಎನ್ನುತ್ತಿದ್ದಳು. ಅವಳಿಗೆ ಆಸ್ತಿ ಎಂದು ಇದ್ದದ್ದು ಅದೊಂದೇ.

ದಿಗಂಬರ ಮಾಡದ ಉಪಾಯವಿರಲಿಲ್ಲ. ಪಡಸಾಲೆಯ ಕಂಬಕ್ಕೆ ಕಟ್ಟಿ ನೋಡಿದ. ಉಂಡ್ಯಾನ ತಲೆಗೂ ಕುತ್ತಿಗೆಗೂ ಒಂದೇ ಅಳತೆ, ಹಗ್ಗ ಬಳೆಯ ಹಾಗೆ ಜಾರಿ ಬೀಳುತ್ತಿತ್ತು. ಬೆಲ್ಲದ ಆಸೆ ತೋರಿಸಿದ. ಬೆಲ್ಲ ತಿಂದಿತು. ಮೂಗು ಹಿಡಿದು ನೆಲಕ್ಕೆ ತಿಕ್ಕಬೇಕೆಂದು ಯಾರೋ ಹೇಳಿದರು. ಅದಕ್ಕೆ ಹಿಡಿಯುವಷ್ಟು ಮೂಗಿರಲಿಲ್ಲ. ಸೂರ್ಯ ಹುಟ್ಟುವ ಮೊದಲು ಎತ್ತಿಕೊಂಡು ಹೋಗಿ ಹುಣಸೆಮರದ ಕೆಳಗೆ ತಾಸುಗಟ್ಟಲೆ ನಿಂತ. ಅದು ತಾಸುಗಟ್ಟಲೆ ತಡೆದುಕೊಂಡು, ಒಳಗೆ ತಂದು ಬಿಟ್ಟ ಕೂಡಲೇ ನಡುಮನೆಗೆ ಓಡುತ್ತಿತ್ತು. ಒಂದು ದಿನ ಅಂತೂ ಬುದ್ಧಿಗೆಟ್ಟು, ಕಂಡು ಕಲಿಯಲಿ ಎಂದು, ತಾನೇ ಮರದ ಬುಡಕ್ಕೆ ಕುಕ್ಕರಿಸಿ ಮಾಡಿ ತೋರಿಸಿದ. ಗೋಡೆಯಾಚೆಯಿಂದ ನೆರೆಮನೆಯ ಗುರುಪುತ್ರಪ್ಪ ಇಣುಕಿ, "ಯಾಕ್ರೀ ರಾಯರ, ಮನ್ಯಾಗ ನಿಮಗೂ ಬಂದ ಮಾಡ್ಯಾರೇನ್ರಿ?" ಎಂದು ಕೇಳಿದ. ಉಂಡ್ಯಾ ಆಕಳಿಸಿತು.

ಯಾರಿಗಾದರೂ ಕೊಡೋಣವೆಂದರೆ ಕೊಳ್ಳುವವರಿಲ್ಲ. "ಮೂಗ ಇಲ್ಲದ ನಾಯಿ ಕಳ್ಳನ್ನ ಹ್ಯಾಂಗ ಮೂಸತೈತ್ರಿ?" ಎಂದು ಗುರುಪುತ್ರಪ್ಪನೇ ಅಂದಿದ್ದ. ಒಪ್ಪಿದವನು ಒಬ್ಬನೇ, ಲೋಂಡಾದ ಕಟ್ಟಿಗೆ ಡಿಪೋದಲ್ಲಿದ್ದ ಹಳೆಯ ಗೆಳೆಯ ಬಾಳಾಸಾಹೇಬ. ಅವನ ಕಾರ್ಡು ದಿಗಂಬರನ ಕೋಟಿನ ಕಿಸೆಯಲ್ಲಿ ನಾಲ್ಕು ದಿನಗಳಿಂದ ಇತ್ತು. 'ಕಳಿಸು. ಆದರೆ ಸುತ್ತಲೂ ಅಡವಿ. ಈ ಮಳೆಗಾಲದಲ್ಲಿ ಮೂರು ನಾಯಿಗಳನ್ನು ಚಿರತೆ ಒಯ್ದಿದೆ. ನಿನ್ನದು ಎಷ್ಟು ದಿನ ಬಾಳುವುದೋ ಹೇಳಲಾರೆ' ಎಂದು ಅವನು ಸರಳವಾಗಿ ಬರೆದಿದ್ದ. ಅದನ್ನು ಶುಭದಾಗೆ ಓದಿ ಹೇಳುವ ಎದೆ ದಿಗಂಬರನಿಗೆ ಇರಲಿಲ್ಲ.

ಆ ದ್ವಾದಶಿಯ ಬೆಳಿಗ್ಗೆ ಹುಣಸೆಮರದ ಕೆಳಗೆ ಅವನು ಛತ್ರಿಯ ಕೈ ಬದಲಿಸಿದ್ದೇ ತಡ, ಹಗ್ಗ ಹಗುರವಾಯಿತು. ತಿರುಗಿ ನೋಡುವಷ್ಟರಲ್ಲಿ ಉಂಡ್ಯಾ ಹಿತ್ತಲ ಬಾಗಿಲು ದಾಟಿತ್ತು. "ಹಿಡೀ! ಶುಭದಾ, ಹಿಡೀ!" ಎಂದು ಕೂಗುತ್ತ ಕೆಸರಿನಲ್ಲಿ ಜಾರಿ ಬಿದ್ದು ಎದ್ದು ಒಳಗೆ ಬಂದ. ತಾಯಿ ಎಲೆಯ ಮುಂದೆ ಕುಳಿತಿದ್ದಳು. ಹಿಂದಿನ ದಿನ ಏಕಾದಶಿ, ಹನಿ ನೀರು ಮುಟ್ಟಿರಲಿಲ್ಲ. ಅದರ ಹಿಂದಿನ ದಿನ ಉಂಡ್ಯಾನ ದಯೆಯಿಂದ ಊಟವಿರಲಿಲ್ಲ. ಮೊದಲ ತುತ್ತು ಕೈಯಲ್ಲಿತ್ತು. ನಡುಮನೆಯಲ್ಲಿ, ಅದೇ ಜಾಗದಲ್ಲಿ, ಉಂಡ್ಯಾ ಕಾಲು ಅಗಲಿಸಿ ನಿಶ್ಚಿಂತೆಯಿಂದ ನಿಂತಿತ್ತು.

ತಾಯಿ ತುತ್ತನ್ನು ಎಲೆಯಲ್ಲಿಟ್ಟಳು. ಎದ್ದು ಸ್ನಾನಕ್ಕೆ ಬಾವಿಗೆ ಹೋದಳು. ಎರಡನೆಯ ಕೊಡ ಸುರಿದುಕೊಂಡು ಮೂರನೆಯದಕ್ಕೆ ಹಗ್ಗ ಬಿಟ್ಟವಳು ಅಲ್ಲೇ ಕಲ್ಲಿನ ಮೇಲೆ ಕುಸಿದಳು.

ಇಬ್ಬರೂ ಕೂಡಿ ಎತ್ತಿ ತಂದು ಮಲಗಿಸಿದರು. ಬಹಳ ಹೊತ್ತಿಗೆ ಅವಳು ಕಣ್ಣು ತೆರೆದು ಮಗನನ್ನು ನೋಡಿ, "ದಿಗೂ, ನನಗ ಇನ್ನ ಆಗೂದಿಲ್ಲಪ್ಪಾ," ಎಂದಳು. ಅಷ್ಟೇ ಅಂದದ್ದು. ಒಂದು ನಾಯಿಯ ಸಲುವಾಗಿ ಹೆತ್ತವಳನ್ನು ಉಪವಾಸ ಕೊಲ್ಲುತ್ತಿದ್ದೇನಲ್ಲ ಎಂದು ದಿಗಂಬರನಿಗೆ ತನ್ನ ಮೇಲೆಯೇ ಹೇಸಿಕೆಯಾಯಿತು.

ಶುಭದಾ ತಾನಾಗಿ ಬುಟ್ಟಿ ತಂದಳು. ಒಳಗೆ ಕೂಸಿನ ಕೌದಿ ಹಾಸಿ ಉಂಡ್ಯಾನನ್ನು ಕೂಡಿಸಿ, "ಒಯ್ಯಿರಿ," ಎಂದಳು.

"ಖಾನಾಪುರದಾಗ ಒಬ್ಬ ಸಾಹೇಬರ ಮನಿ ಅದ," ಎಂದು ದಿಗಂಬರ ನೆಲ ನೋಡುತ್ತ ಹೇಳಿದ. "ನಾಯಿ ಅಂದ್ರ ಅವರಿಗೆ ಭಾಳ ಜೀವ."

ಯಾವ ಸಾಹೇಬ ಎಂದು ಅವಳು ಕೇಳಲಿಲ್ಲ. ಕೇಳಿದ್ದರೆ ಅವನು ಅಲ್ಲೇ ಅತ್ತುಬಿಡುತ್ತಿದ್ದ.

ಲೋಂಡಾಕ್ಕೆ ಟಿಕೀಟು ತೆಗೆದು ಅವನು ಗಾಡಿ ಹತ್ತಿದ. ಮುಚ್ಚಳ ಹಾಕಿದ ಬುಟ್ಟಿ ತೊಡೆಯ ಮೇಲಿತ್ತು. ದಾರಿಯುದ್ದಕ್ಕೂ ಉಂಡ್ಯಾ ಬುಟ್ಟಿಯ ಸಂದಿನಿಂದ ನಾಲಿಗೆ ಹಾಕಿ ಅವನ ಬೆರಳು ನೆಕ್ಕಿತು. ಹದಿನೆಂಟು ದಿನ ಒಂದು ಮಾತೂ ಕೇಳದ ಪ್ರಾಣಿಗೆ ಇವತ್ತೇ ಈ ಅಕ್ಕರೆ ಉಕ್ಕಬೇಕೆ ಎಂದು ಅವನಿಗೆ ಸಿಟ್ಟು ಬಂತು.

ಖಾನಾಪುರದಲ್ಲಿ ಗಾಡಿ ನಿಂತದ್ದು ಹೊರಡಲಿಲ್ಲ. ಮುಂದೆ ಹಳಿಯ ಮೇಲೆ ಮರ ಬಿದ್ದಿದೆ, ಮೂರು ತಾಸಾದರೂ ಬೇಕು ಎಂದು ಗಾರ್ಡು ಹೇಳಿಕೊಂಡು ಹೋದ. ದಫ್ತರದಲ್ಲಿ ಪಟ್ಟೇವಾಲಾ ಜವಾನನಾಗಿದ್ದು ಹೋದ ವರ್ಷ ಊರು ಸೇರಿದ ಹಣಮಪ್ಪನ ಮನೆ ಸ್ಟೇಶನ್ನಿನ ಹಿಂದೆಯೇ ಇತ್ತು. ಬುಟ್ಟಿ ಹೊತ್ತು ದಿಗಂಬರ ಅಲ್ಲಿಗೆ ನಡೆದ.

"ಬರ್ರಿ ರಾಯರ, ಬರ್ರಿ, ಕುಂದರ್ರಿ!" ಹಣಮಪ್ಪ ಕಂಬಳಿ ಕೊಡವಿ ಹಾಸಿದ. ಹಾಲು, ಬಾಳೆಹಣ್ಣು ತಂದಿಟ್ಟ. ಅಂಗಳದಲ್ಲಿ ಕಟ್ಟಿದ ಅವನ ಎರಡು ಕುರಿನಾಯಿಗಳು ಬುಟ್ಟಿಯ ವಾಸನೆಗೆ ಹಗ್ಗ ಹರಿಯುವಂತೆ ಜಗ್ಗಾಡಿದವು. "ನಾನ ಇಟ್ಕೊಂತಿದ್ನಿರಿ, ಆದ್ರ ಇವು ಒಂದ ತಾಸಿನ್ಯಾಗ ಹರದ ಹಾಕತಾವ. ಒಳಗ ಬಿಡ್ರಿ, ಪಾಪ, ಕಾಲಾಡಸ್ಲಿ."

"ಬ್ಯಾಡೋ ಹಣಮಪ್ಪ, ಮನಿ ಕೆಡಸ್ತದ."

"ಕೆಡಸಿದ್ರ ಒರಸೂಣು. ಕೂಸಲ್ಲೇನ್ರಿ ಅದು."

ಉಂಡ್ಯಾನನ್ನು ಬಿಟ್ಟರು. ಅದು ಕೆಮ್ಮಣ್ಣಿನ ನೆಲವನ್ನೆಲ್ಲ ಮೂಸುತ್ತ ಒಂದು ಸುತ್ತು ಹಾಕಿತು. ಅದು ಜಗಲಿ ಬಿಟ್ಟಿತು, ನಡುಮನೆ ಬಿಟ್ಟಿತು, ಹಿಂದಿನ ಬಾಗಿಲು ದಾಟಿ ದನದ ಕೊಟ್ಟಿಗೆಗೆ ಹೋಯಿತು. ಆಕಳ ಗಂಜಲ ಹರಿದು ಹೋಗುವ ಕಾಲುವೆಯ ಬಾಯಿಯಲ್ಲಿ ನಿಂತು, ಕಾಲು ಅಗಲಿಸಿ, ಮುಗಿಸಿ, ಬಂದು ಕಂಬಳಿಯ ಮೇಲೆ ಮಲಗಿತು.

ದಿಗಂಬರ ಬಾಯಿ ತೆರೆದು ನೋಡಿದ. ತಾಸು ಕಳೆದ ಮೇಲೆ ಅದು ಮತ್ತೆ ಎದ್ದು ಮತ್ತೆ ಅಲ್ಲಿಗೇ ಹೋಯಿತು. ಮೂರನೆಯ ಸಲವೂ ಅಲ್ಲಿಗೇ.

"ನಮ್ಮನ್ಯಾಗ ಹದಿನೆಂಟು ದಿನ ಹೊರಗ ಒಂದ ಹನಿ ಮಾಡಿಲ್ಲೋ ಇದು!"

"ನಾಯಿ ಬದುಕೂದ ಮೂಗಿನ ಮ್ಯಾಲ್ರಿ," ಎಂದ ಹಣಮಪ್ಪ. "ಚಪಾಟ ಇದ್ರೂ ಮೂಗ ಮೂಗ. ಎಲ್ಲಿ ಉಚ್ಚಿ ವಾಸನಿ ಐತಿ, ಅದ ತನ್ನ ಜಾಗಾ ಅಂತ ತಿಳಕೋತೈತಿ. ಆಕಳದಾದ್ರೇನು, ತಂದಾದ್ರೇನು. ನಿಮ್ಮನ್ಯಾಗ ಎಲ್ಲಿ ಮಾಡತಿತ್ರಿ?"

"ನಡುಮನ್ಯಾಗ. ದೇವರಮನಿ ಹೊಸ್ತಿಲ ಮುಂದ."

"ಅಲ್ಲಿ ಏನ ಹಾಕತೀರಿ?"

ದಿಗಂಬರನ ಕಣ್ಣ ಮುಂದೆ ತಾಯಿಯ ಕೈ ಬಂದು ನಿಂತಿತು, ತುಂಬಿ ತುಂಬಿ ಚಿಮುಕಿಸುವ ಕೈ. ದಿನಾ ಒಂದು ತಂಬಿಗೆ, ಹದಿನೆಂಟು ದಿನ. ಶುದ್ಧ ಮಾಡಿದಷ್ಟೂ ಅದನ್ನು ಅಲ್ಲಿಗೇ ಕರೆದಿದ್ದರು. ಅವನಿಗೆ ನಗು ಬಂತು, ನಗು ತಡೆಯದೆ ಕೆಮ್ಮು ಬಂತು, ಕೆಮ್ಮುತ್ತ ಕೆಮ್ಮುತ್ತ ಅವನು ಅತ್ತುಬಿಟ್ಟ. ಹಣಮಪ್ಪ ಗಾಬರಿಯಾಗಿ ನೀರು ತಂದ.

ಎಲ್ಲವನ್ನೂ ಕೇಳಿದ ಮೇಲೆ ಹಣಮಪ್ಪ, "ಆ ನೆಲಾ ಅಗದ ತಗೀರಿ, ಹೊಸಾ ಮಣ್ಣ ಬಡೀರಿ," ಎಂದು ಕುಂಬಾರರ ಮಣ್ಣಿನ ಒಂದು ಗಂಟು ಕಟ್ಟಿಕೊಟ್ಟ. "ಆದ್ರ ಅದರ ಮ್ಯಾಲ ಗೋಮೂತ್ರ ಮಾತ್ರ ಹಾಕಬ್ಯಾಡ್ರಿ. ಹಾಕೂದಾದ್ರ ಹುಣಸೀಗಿಡದ ಬುಡಕ ಹಾಕ್ರಿ."

ಹೇಳುವುದೇನೋ ಸುಲಭ. ಸ್ಟೇಶನ್ನಿಗೆ ಮರಳುತ್ತ ದಿಗಂಬರ ಅದನ್ನೇ ಯೋಚಿಸಿದ. ಅವ್ವಾ, ನಿನ್ನ ಗೋಮೂತ್ರದಿಂದಲೇ ಮನೆ ಹೊಲಸಾಗುತ್ತಿದೆ ಎಂದು ಯಾವ ಬಾಯಿಂದ ಹೇಳುವುದು? ಹೇಳಿದರೂ, ಶುದ್ಧವಾಗದ ನೆಲದ ಮನೆಯಲ್ಲಿ ಅವಳು ಉಣ್ಣುವುದುಂಟೆ? ಲೋಂಡಾದ ಗಾಡಿ ಸೀಟಿ ಹಾಕಿತು. ಹತ್ತಿದರೆ ತಾಯಿ ನಾಳೆ ಉಣ್ಣುತ್ತಾಳೆ. ಉಂಡ್ಯಾ ಬುಟ್ಟಿಯೊಳಗೆ ಕೌದಿಯ ಅಂಚು ಬಾಯಲ್ಲಿ ಹಿಡಿದು ನಿದ್ದೆ ಮಾಡುತ್ತಿತ್ತು. ಗಾಡಿ ಅಲುಗಿತು, ಡಬ್ಬಿಗಳು ಒಂದೊಂದಾಗಿ ಅವನ ಮುಂದೆ ಹಾದುಹೋದವು. ಅವನು ಟಿಕೀಟನ್ನು ಕೈಯಲ್ಲಿ ಹಿಡಿದು ನಿಂತೇ ಇದ್ದ. ಆಮೇಲೆ ಬೆಳಗಾವಿಯ ಗಾಡಿ ಬಂದಾಗ ಹತ್ತಿದ.

ಮನೆ ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ದೀಪ ಹಚ್ಚಿರಲಿಲ್ಲ. ನಡುಮನೆಯಲ್ಲಿ ಶುಭದಾ ಬರಿದಾದ ತೊಟ್ಟಿಲಿನ ಹಗ್ಗ ಹಿಡಿದು ಕುಳಿತಿದ್ದಳು. ಅವನು ಬಂದದ್ದೂ ಅವಳಿಗೆ ತಿಳಿದಂತಿರಲಿಲ್ಲ. ಗೋಡೆಯ ಕಡೆ ಚಾಪೆಯ ಮೇಲೆ ಮಲಗಿದ್ದ ತಾಯಿ ತಲೆ ಎತ್ತಿದಳು.

"ಬಂದ್ಯಾ? ನೋಡು, ನೀ ಹೋದಾಗಿಂದ ಹಿಂಗ ಕೂತಾಳ. ನೀರ ಸೈತ ಕುಡೀವಲ್ಲಳು. ನಾ ಕರದ್ರೂ ಓ ಅನ್ನವಲ್ಲಳು."

ಬುಟ್ಟಿಯೊಳಗಿನಿಂದ ಫಸಕ್ಕನೆ ಸೀನು ಕೇಳಿತು. ಶುಭದಾಳ ಕೈ ಹಗ್ಗ ಬಿಟ್ಟಿತು.

ದಿಗಂಬರ ದೂರ ಕುಳಿತು, ಕಣ್ಣು ಮುಚ್ಚಿ, ಖಾನಾಪುರದಲ್ಲಿ ಕಂಡದ್ದನ್ನೆಲ್ಲ ಹೇಳಿದ. ಲೋಂಡಾ, ಚಿರತೆ, ತಾನು ಆಡಿದ ಸುಳ್ಳು, ಯಾವುದನ್ನೂ ಮುಚ್ಚಿಡಲಿಲ್ಲ. ಗೋಮೂತ್ರದ ಮಾತು ಬಂದಾಗ ಅವನ ನಾಲಿಗೆ ತೊದಲಿತು. ಮುಗಿಸಿ, ಬೈಗುಳಕ್ಕೆ ಕಾದು ಕುಳಿತ.

ತಾಯಿ ಹೊಸ್ತಿಲ ಮುಂದಿನ ನೆಲದ ಕಡೆ ತಿರುಗಿದಳು. "ಅಂದ್ರ, ಇಷ್ಟ ದಿನಾ ನಾನ ಅದನ್ನ ಕರದ ಕರದ ಅಲ್ಲೆ ನಿಲ್ಲಿಸಿದಂಗಾತು," ಎಂದಳು.

"ಗೋಮೂತ್ರದ್ದೇನೂ ದೋಷ ಇಲ್ಲವ್ವಾ, ಅದರ ಮೂಗು—"

"ನನಗ ಶಾಸ್ತ್ರ ಹೇಳಬ್ಯಾಡ. ನೆಲಾ ಅಗೀ."

ಅವನು ಗುದ್ದಲಿ ತಂದು ಅಗೆದ. ಹಳೆಯ ಮಣ್ಣನ್ನು ಹೊರಗೆ ಚೆಲ್ಲಿ, ಖಾನಾಪುರದ ಮಣ್ಣನ್ನು ಕಲಸಿ ಬಡಿದ. ಶುಭದಾ ಎದ್ದು ಬಂದು ನೀರು ಹಾಕಿದಳು, ಕೈಯಿಂದ ಸವರಿ ನುಣುಪು ಮಾಡಿದಳು. ಕಾಶವ್ವ ತಂದಿಟ್ಟಿದ್ದ ತಂಬಿಗೆಯನ್ನು ತಾಯಿಯ ಅಪ್ಪಣೆಯಂತೆ ಹುಣಸೆಮರದ ಬುಡಕ್ಕೆ ಸುರಿದು ಬಂದದ್ದೂ ಆಯಿತು. ಆಮೇಲೆ ಮೂವರೂ ಆ ಹಸಿ ನೆಲವನ್ನು ನೋಡುತ್ತ ನಿಂತರು. ಎಲ್ಲರ ಮನಸ್ಸಿನಲ್ಲೂ ಒಂದೇ ಮಾತಿತ್ತು. ಶುದ್ಧಿ ಹೇಗೆ? ಇದು ಹೀಗೇ ಇದ್ದರೆ ನಾಳೆಯೂ ಎಲೆ ಹಾಕುವಂತಿಲ್ಲ. ಹೋಗುವ ಗಾಡಿಯನ್ನು ಬಿಟ್ಟು ಬಂದದ್ದಕ್ಕೆ ಅರ್ಥವೇ ಇರಲಿಲ್ಲವೇನೋ ಎಂದು ದಿಗಂಬರನಿಗೆ ಎನಿಸಿತು.

ತಾಯಿ ಗೋಡೆ ಹಿಡಿದು ಎದ್ದಳು. ದೇವರಮನೆಗೆ ಹೋಗಿ, ಎರಡೂ ಕೈಯಿಂದ ಎದೆಗೆ ಒತ್ತಿಕೊಂಡು ಗಿಂಡಿಯನ್ನು ತಂದಳು.

"ಬೆಸಿಗಿ ತಗೀ."

"ಅವ್ವಾ! ಇದು... ಅಪ್ಪ ನಿನ್ನ ಬಾಯಿಗೆ ಅಂತ ತಂದಿಟ್ಟದ್ದು."

"ಗೊತ್ತದ."

"ನಾಳೆ ನಿನಗ ಏನರೆ ಆದ್ರ—"

"ನಾ ಸಾಯ್ಲಿಕ್ಕೆ ಇನ್ನೂ ಹೊತ್ತದ," ಎಂದಳು ತಾಯಿ. ಸೊಸೆಯ ಕಡೆ ನೋಡಿ ಅವಳ ದನಿ ಒಡೆಯಿತು. "ಇಕಿ ನನ್ನ ಕಣ್ಣ ಮುಂದ ಈಗ ಸಾಯ್ಲಿಕ್ಕತ್ತಾಳ. ತಗೀ ಅಂದ್ರ ತಗೀ."

ದಿಗಂಬರ ಉಳಿ ಹಿಡಿದು ಬೆಸುಗೆ ಒಡೆದ. ತಾಯಿ ಗಿಂಡಿಯನ್ನು ಕಣ್ಣಿಗೊತ್ತಿಕೊಂಡು, ಹೊಸ ನೆಲಕ್ಕೂ ಹೊಸ್ತಿಲಿಗೂ ಮನೆಯ ಮೂಲೆಮೂಲೆಗೂ ಗಂಗೆಯನ್ನು ಚಿಮುಕಿಸಿದಳು. ಎಂದಿನ ಹಾಗೆಯೇ ಕೈ ತುಂಬ ತುಂಬ. ಶುಭದಾ ಸೆರಗು ಬಾಯಿಗೆ ಒತ್ತಿ ಬಿಕ್ಕುತ್ತಿದ್ದಳು.

"ಇನ್ನ ಅದನ್ನ ಬಿಡು," ಎಂದಳು ತಾಯಿ.

ಉಂಡ್ಯಾ ಬುಟ್ಟಿಯಿಂದ ಇಳಿದು ಮೈ ಕೊಡವಿ, ನೆಟ್ಟಗೆ ತನ್ನ ಜಾಗಕ್ಕೆ ಹೋಯಿತು. ಮೂಸಿತು. ಒಂದು ಸುತ್ತು ತಿರುಗಿ ಮತ್ತೆ ಮೂಸಿತು. ಅದು ತಲೆ ಎತ್ತಿ, ಯಾರೋ ತನ್ನ ಸ್ವತ್ತು ಕದ್ದಿದ್ದಾರೆ ಎಂಬಂತೆ ಎಲ್ಲರ ಮುಖವನ್ನೂ ನೋಡಿತು. ದೇವರಮನೆಯ ಕಡೆ ಎರಡು ಹೆಜ್ಜೆ ಇಟ್ಟಿತು. ದಿಗಂಬರ ಕಣ್ಣು ಮುಚ್ಚಿಕೊಂಡ. ಆಗ ಉಗುರು ಕೆರೆಯುವ ಸದ್ದಾಯಿತು. ಹಿತ್ತಲ ಬಾಗಿಲಿನಿಂದ.

"ಬಾಗಲಾ ತಗೀರಿ!" ಶುಭದಾ ಚೀರಿದಳು. "ಅಯ್ಯ, ಏನ ನಿಂತ ನೋಡ್ತೀರಿ, ಲಗೂ ತಗೀರೀ!"

ಕೂಸು ಹೋದ ಮೇಲೆ ಅಷ್ಟು ಉದ್ದದ ಮಾತನ್ನು ಅವಳು ಗಂಡನಿಗೆ ಆಡಿರಲಿಲ್ಲ. ದಿಗಂಬರ ಅಗಳಿ ಕಿತ್ತು ಬಾಗಿಲು ತೆರೆದ. ಉಂಡ್ಯಾ ಮಳೆಯಲ್ಲಿ ಓಡಿತು, ಅದರ ಹಿಂದೆ ಶುಭದಾ ಛತ್ರಿ ಇಲ್ಲದೆ ಓಡಿದಳು. ಹುಣಸೆಮರದ ಕಡೆಯಿಂದ ಅವಳ ದನಿ ಮನೆಯೊಳಗೆಲ್ಲ ಕೇಳಿಸಿತು.

"ಅತ್ತ್ಯಾರ! ಮಾಡ್ತ್ರೀ! ಇಲ್ಲೇ ಮಾಡ್ತ್ರೀ!"

ತಾಯಿ ಹೊಸ್ತಿಲ ಬಳಿ ಕುಳಿತುಬಿಟ್ಟಿದ್ದಳು. ಮಡಿಲಲ್ಲಿದ್ದ ಗಿಂಡಿಯನ್ನು ಒಮ್ಮೆ ಬೋರಲು ಹಾಕಿ ನೋಡಿದಳು. ಏನೂ ಉಳಿದಿರಲಿಲ್ಲ. ಸೆರಗಿನಿಂದ ಅದನ್ನು ಒರೆಸಿ ಪಕ್ಕಕ್ಕಿಟ್ಟಳು.

"ದಿಗೂ," ಎಂದಳು, "ನಾಳೆ ಲಗೂನ ಕಟಗಿ ಒಡದ ಇಡು. ನನಗ ಭಾಳ ಹಸಿವ್ಯಾಗ್ಯದ."